ಮೊದಲು ಅದನ್ನು ವಾಸಿ ಮಾಡಿಕೊಂಡು ಬಾ

ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್ಟನ್ ಊರಿನ ಗುಡ್ಡದ ಮೇಲೆ ಕೋಟೆಯಂತೆ ಕಾಣುವ ಕಲ್ಲಿನ ಕಟ್ಟಡವೊಂದಿದೆ. ಬುರುಜು, ತೆನೆಗೋಡೆ, ಚೂಪು ಕಮಾನಿನ ಕಿಟಕಿಗಳಿರುವ ಅದನ್ನು ಊರವರು ಕರೆಯುವುದೇ ‘ಕ್ಯಾಸಲ್’ ಎಂದು. 1858ರಲ್ಲಿ ಅದರ ಅಡಿಗಲ್ಲು ಬಿದ್ದದ್ದು ಕುಡುಕರಿಗಾಗಿ. ಕುಡಿತ ಒಂದು ರೋಗ, ರೋಗಕ್ಕೆ ಬೇಕಾದದ್ದು ಆಸ್ಪತ್ರೆಯೇ ಹೊರತು ಜೈಲಲ್ಲ ಎಂದು ನಂಬಿದ್ದ ಜೆ. ಎಡ್ವರ್ಡ್ ಟರ್ನರ್ ಎಂಬ ವೈದ್ಯ ವರ್ಷಗಟ್ಟಲೆ ಶಾಸಕರ ಬೆನ್ನು ಬಿದ್ದು, ಉಳ್ಳವರ ಬಾಗಿಲು ತಟ್ಟಿ ಕಟ್ಟಿಸಿದ ಆಸ್ಪತ್ರೆ ಅದು. 1864ರಲ್ಲಿ ಮೊದಲ ರೋಗಿಗಳು ಬಂದರು. ಆದರೆ ಸ್ವಲ್ಪ ಕಾಲದಲ್ಲೇ ಟರ್ನರನಿಗೂ ಆಡಳಿತ ಮಂಡಳಿಗೂ ಜಗಳ ಹತ್ತಿತು, ಅವನು ಹೊರಬಿದ್ದ. 1879ರಲ್ಲಿ ರಾಜ್ಯ ಸರ್ಕಾರ ಈ ಪ್ರಯೋಗ ಸೋತಿತೆಂದು ತೀರ್ಮಾನಿಸಿ, ಕಟ್ಟಡವನ್ನು ವಾಸಿಯಾಗದ ಮನೋರೋಗಿಗಳ ಆಸ್ಪತ್ರೆಯನ್ನಾಗಿ ಬದಲಾಯಿಸಿತು. ಕುಡಿತದವರು ಹೋದರು, ಬುದ್ಧಿಭ್ರಮಣೆಯವರು ಬಂದರು.

ಗೋಡೆ ಅದೇ, ಕಿಟಕಿ ಅದೇ. ಒಂದು ಕಾಲಕ್ಕೆ ಒಂದು ಬಗೆಯ ರೋಗಿಗಳು, ಇನ್ನೊಂದು ಕಾಲಕ್ಕೆ ಇನ್ನೊಂದು ಬಗೆಯವರು. ಕುಡಿತವೂ ಮನೋರೋಗವೂ ಒಟ್ಟಿಗೇ ಅಂಟಿಕೊಂಡಿದ್ದವನಿಗೆ ಆ ಕೋಟೆಯಲ್ಲಿ ಯಾವ ಕಾಲಕ್ಕೆ ಜಾಗವಿತ್ತು? ಅಮೆರಿಕದ ವೈದ್ಯಕೀಯ ಚರಿತ್ರೆಯಲ್ಲಿ ಈ ಪ್ರಶ್ನೆಯನ್ನು ಯಾರೂ ಸರಿಯಾಗಿ ಕೇಳದೆ ಮತ್ತೂ ನೂರು ವರ್ಷ ಉರುಳಿತು.

ಈ ಎರಡೂ ಒಬ್ಬನೇ ವೈದ್ಯನ ಮೇಜಿನ ಮೇಲಿದ್ದ ಕಾಲವೂ ಇತ್ತು. ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದ ಫಿಲಡೆಲ್ಫಿಯಾದ ವೈದ್ಯ ಬೆಂಜಮಿನ್ ರಷ್ 1784ರಲ್ಲಿ ಕಡು ಮದ್ಯದ ದುಷ್ಪರಿಣಾಮಗಳನ್ನು ಕುರಿತು ಒಂದು ಹೊತ್ತಿಗೆ ಬರೆದ. ಕುಡಿತ ಅಭ್ಯಾಸವಾಗಿ, ಅಭ್ಯಾಸ ರೋಗವಾಗುವ ಬಗೆಯನ್ನು ಅಷ್ಟು ಬಿಡಿಸಿ ಹೇಳಿದವರು ಅಲ್ಲಿಯವರೆಗೆ ಕಡಿಮೆ. ಅವನು ರೂಪಿಸಿದ ಒಂದು ‘ಉಷ್ಣಮಾಪಕ’ದ ಚಿತ್ರವೂ ಹೆಸರಾಗಿದೆ. ಮೇಲ್ತುದಿಯಲ್ಲಿ ನೀರು, ಹಾಲು. ಕೆಳಗಿಳಿದಂತೆಲ್ಲ ಗಡುಸಾಗುತ್ತ ಹೋಗುವ ಮದ್ಯಗಳು. ಪಕ್ಕದಲ್ಲಿ ಅವು ತರುವ ರೋಗಗಳ ಪಟ್ಟಿ. ಆ ಪಟ್ಟಿಯಲ್ಲಿ ವಿಷಣ್ಣತೆಯಿದೆ, ಹುಚ್ಚೂ ಇದೆ. 1812ರಲ್ಲಿ ಅದೇ ರಷ್ ಮನಸ್ಸಿನ ರೋಗಗಳನ್ನು ಕುರಿತು ಅಮೆರಿಕದ ಮೊದಲ ಗ್ರಂಥ ಪ್ರಕಟಿಸಿದ. ಅವನ ಚಿಕಿತ್ಸೆಗಳು ಇಂದು ಓದಿದರೆ ಎದೆ ನಡುಗಿಸುತ್ತವೆ. ಬೇಕಾದ್ದಕ್ಕೂ ಬೇಡದ್ದಕ್ಕೂ ರಕ್ತ ಹರಿಸುವುದು, ರೋಗಿಯ ಕೈಕಾಲು ತಲೆಯನ್ನು ಕುರ್ಚಿಗೆ ಕಟ್ಟಿ ಅಲುಗಾಡದಂತೆ ಕೂರಿಸುವುದು. ಆದರೂ ಕುಡುಕ ಬೇರೆ ಹುಚ್ಚ ಬೇರೆ ಎಂದು ಅವನು ಗೆರೆ ಎಳೆಯಲಿಲ್ಲ. ಕುಡುಕರಿಗೂ ಒಂದು ಆಸ್ಪತ್ರೆ ಬೇಕೆಂದು ಕೇಳಿದವರಲ್ಲಿ ಅವನೇ ಮೊದಲಿಗ.

ರೋಗ ಅವನ ಮನೆಯೊಳಗೂ ಬಂತು. ಹಿರಿಯ ಮಗ ಜಾನ್ ನೌಕಾಪಡೆಯಲ್ಲಿದ್ದ. 1807ರಲ್ಲಿ ನ್ಯೂ ಆರ್ಲಿಯನ್ಸಿನಲ್ಲಿ ನಡೆದ ದ್ವಂದ್ವಯುದ್ಧವೊಂದರಲ್ಲಿ ತನ್ನ ಗೆಳೆಯನನ್ನೇ ಗುಂಡಿಟ್ಟು ಕೊಂದ. ಆಮೇಲೆ ಅವನ ಮನಸ್ಸು ನೆಲೆಗೆ ಬರಲಿಲ್ಲ. 1810ರಲ್ಲಿ ತಂದೆ ಅವನನ್ನು ತಾನು ವೈದ್ಯನಾಗಿದ್ದ ಪೆನ್ಸಿಲ್ವೇನಿಯಾ ಆಸ್ಪತ್ರೆಗೇ ಸೇರಿಸಿದ. ದೇಶಕ್ಕೆಲ್ಲ ಮನೋರೋಗದ ಪಾಠ ಹೇಳಿದ ಗ್ರಂಥವನ್ನು ರಷ್ ಬರೆದು ಮುಗಿಸಿದ್ದು ಮಗ ಅದೇ ಆಸ್ಪತ್ರೆಯ ಕೋಣೆಯಲ್ಲಿದ್ದಾಗ. 1813ರಲ್ಲಿ ತಂದೆ ತೀರಿಕೊಂಡ. ಮಗ 1837ರಲ್ಲಿ ಸಾಯುವವರೆಗೂ ಅಲ್ಲೇ ಇದ್ದ. ಆ ಗ್ರಂಥದ ಹಾಳೆಗಳ ಹಿಂದೆ ಈ ತಂದೆಯನ್ನು ಕಾಣದೆ ಅದನ್ನು ಓದುವುದು ನನ್ನಿಂದಾಗದು.

ರಷ್‌ನ ನಂತರದ ನೂರು ವರ್ಷ ಈ ಎರಡನ್ನೂ ದೂರ ದೂರ ಎಳೆಯಿತು. ಕುಡಿತ ಪಾಪವಾಯಿತು, ಆಮೇಲೆ ಅಪರಾಧವಾಯಿತು. 1914ರ ಹ್ಯಾರಿಸನ್ ಕಾಯ್ದೆಯ ನಂತರ ಅಫೀಮು, ಮಾರ್ಫಿನ್ ಹಿಡಿದವರಿಗೆ ಔಷಧ ಬರೆದುಕೊಟ್ಟ ವೈದ್ಯರೂ ಕಟಕಟೆ ಹತ್ತಿದರು. 1920ರಿಂದ 1933ರವರೆಗೆ ದೇಶವೇ ಪಾನನಿಷೇಧದಲ್ಲಿತ್ತು. ಮನೋರೋಗಿಗಳು ರಾಜ್ಯ ಸರ್ಕಾರಗಳ ದೊಡ್ಡ ಆಸ್ಪತ್ರೆಗಳ ಒಳಗೆ ಸೇರಿದರು, ಬಹುಮಂದಿ ಹೊರಗೆ ಬರಲಿಲ್ಲ.

1935ರ ಮೇ ತಿಂಗಳಲ್ಲಿ ಎರಡು ಸಂಗತಿಗಳು ನಡೆದವು. ಕೆಂಟಕಿಯ ಲೆಕ್ಸಿಂಗ್ಟನ್‌ನಲ್ಲಿ ಮಾದಕವಸ್ತು ವ್ಯಸನಿಗಳಿಗಾಗಿ ಕೇಂದ್ರ ಸರ್ಕಾರ ಒಂದು ಬೃಹತ್ ಸಂಸ್ಥೆ ತೆರೆಯಿತು. ಅರ್ಧ ಆಸ್ಪತ್ರೆ, ಅರ್ಧ ಜೈಲು, ಸುತ್ತ ಹೊಲ, ಹಸುಗಳ ಕೊಟ್ಟಿಗೆ. ಜನ ಅದಕ್ಕೆ ‘ನಾರ್ಕೋಟಿಕ್ ಫಾರ್ಮ್’ ಎಂದರು. ಅದೇ ತಿಂಗಳು ಒಹಾಯೋದ ಆಕ್ರನ್ ಊರಿನಲ್ಲಿ, ಐದು ತಿಂಗಳಿಂದ ಒಂದು ಗುಟುಕೂ ಮುಟ್ಟದಿದ್ದ ಷೇರುಪೇಟೆಯ ಬಿಲ್ ವಿಲ್ಸನ್, ಇನ್ನೂ ಕುಡಿಯುತ್ತಿದ್ದ ಶಸ್ತ್ರವೈದ್ಯ ಬಾಬ್ ಸ್ಮಿತ್‌ನನ್ನು ಭೇಟಿಯಾದ. ಒಬ್ಬ ಕುಡುಕನ ಸಂಕಟ ಇನ್ನೊಬ್ಬ ಕುಡುಕನಿಗೆ ಅರ್ಥವಾಗುವಷ್ಟು ಬೇರೆ ಯಾರಿಗೂ ಆಗದು ಎಂಬ ಅರಿವಿನಿಂದ ಅವರಿಬ್ಬರು ಹುಟ್ಟುಹಾಕಿದ್ದೇ ಆಲ್ಕೊಹಾಲಿಕ್ಸ್ ಅನಾನಿಮಸ್. ಅಲ್ಲಿಗೆ ದಾರಿ ಮೂರಾದವು. ಹೆರಾಯಿನ್‌ನವರು ಲೆಕ್ಸಿಂಗ್ಟನ್‌ಗೆ, ಕುಡಿತದವರು ಚರ್ಚಿನ ನೆಲಮಾಳಿಗೆಯ ಸಭೆಗೆ, ತಲೆ ಕೆಟ್ಟವರು ರಾಜ್ಯದ ಆಸ್ಪತ್ರೆಗೆ.

ಬಿಲ್ ವಿಲ್ಸನ್‌ನ ಬದುಕನ್ನೇ ಹತ್ತಿರದಿಂದ ನೋಡಿದ್ದರೆ ಈ ದಾರಿಗಳು ಬೇರೆಯಲ್ಲ ಎಂದು ಗೊತ್ತಾಗಬೇಕಿತ್ತು. 1934ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಟೌನ್ಸ್ ಆಸ್ಪತ್ರೆಗೆ ಸೇರಿ ಕುಡಿತ ಬಿಟ್ಟವನು ಸಾಯುವವರೆಗೆ ಮತ್ತೆ ಕುಡಿಯಲಿಲ್ಲ. ಆದರೆ 1944ರಿಂದ ಸುಮಾರು ಹನ್ನೊಂದು ವರ್ಷ ಗಾಢವಾದ ಖಿನ್ನತೆ ಅವನನ್ನು ಹಿಡಿದಿತ್ತು. ಸಾವಿರಾರು ಜನರ ಬಾಳು ಎತ್ತಿ ನಿಲ್ಲಿಸಿದವನು ಕಚೇರಿಯ ಮೇಜಿನ ಮುಂದೆ ತಲೆ ಕೈಯಲ್ಲಿ ಹೊತ್ತು ಕೂತುಬಿಡುತ್ತಿದ್ದ. ಹ್ಯಾರಿ ಟೀಬೌಟ್ ಎಂಬ ಮನೋವೈದ್ಯನ ಬಳಿ ಹೋದ, ಆಮೇಲೆ ಇನ್ನೊಬ್ಬ ಚಿಕಿತ್ಸಕಿಯ ಬಳಿಗೂ ಹೋದ. ಕುಡಿತ ಬಿಡುವವರಿಗೆಂದು ತಾನೇ ಬರೆದ ಹನ್ನೆರಡು ಹೆಜ್ಜೆಗಳನ್ನು ಸರಿಯಾಗಿ ತುಳಿದಿದ್ದರೆ ಇವನಿಗೆ ಈ ಗತಿ ಏಕೆ ಎಂದು ಸಂಘದೊಳಗೇ ಗುಸುಗುಸು ನಡೆಯಿತು. ಕುಡಿತ ಬಿಟ್ಟ ಮೇಲೂ ಉಳಿಯುವ ಈ ಕತ್ತಲೆಯನ್ನು ಅವನು ಮುಚ್ಚಿಡಲಿಲ್ಲ. 1958ರಲ್ಲಿ ಸಂಘದ ಪತ್ರಿಕೆಯಲ್ಲೇ ಅದರ ಬಗ್ಗೆ ಬರೆದ.

ಅವನು ಬರೆದರೂ ಸಭೆಗಳಲ್ಲಿ ಬೇರೆ ಮಾತೇ ಓಡಾಡುತ್ತಿತ್ತು. ಮಾತ್ರೆಯೂ ಒಂದು ಅಮಲೇ, ನಿಜವಾಗಿ ಬಿಟ್ಟವನು ಅದನ್ನೂ ಬಿಡಬೇಕು ಎಂದು ಹೇಳುವವರಿದ್ದರು. ಲಿಥಿಯಂ ನಿಲ್ಲಿಸಿ ಉನ್ಮಾದಕ್ಕೆ ಬಿದ್ದವರು, ಖಿನ್ನತೆಯ ಮಾತ್ರೆ ಬಿಸಾಡಿ ಬದುಕನ್ನೇ ಬಿಸಾಡಲು ಹೊರಟವರು ಇದ್ದರು. ಕೊನೆಗೆ 1984ರಲ್ಲಿ, ಸಂಘದ ಸದಸ್ಯರೇ ಆಗಿದ್ದ ವೈದ್ಯರ ವರದಿಯೊಂದು ಕಿರುಹೊತ್ತಿಗೆಯಾಗಿ ಹೊರಬಂತು. ಸಂಘದ ಯಾರೂ ವೈದ್ಯನ ವೇಷ ಹಾಕಬಾರದು, ಔಷಧ ಬೇಕಾದವನಿಂದ ಅದನ್ನು ಕಿತ್ತುಕೊಳ್ಳುವುದು ತಪ್ಪು ಎಂಬುದು ಅದರ ತಿರುಳು. ಸಂಘ ಹುಟ್ಟಿ ಅಷ್ಟೊತ್ತಿಗೆ 49 ವರ್ಷವಾಗಿತ್ತು.

ಈಗ ಅಯೋವಾದ ಹೆರಾಲ್ಡ್ ಹ್ಯೂಸ್‌ನ ಕಥೆ. ಈ ಇತಿಹಾಸದಲ್ಲಿ ನನಗೆ ಅತಿ ಆಪ್ತನಾದವನು ಇವನೇ, ಅತಿ ಸಂಕಟ ಕೊಡುವವನೂ ಇವನೇ. ಐಡಾ ಗ್ರೋವ್ ಎಂಬ ಸಣ್ಣ ಊರಿನವನು. ಎರಡನೇ ಮಹಾಯುದ್ಧದಲ್ಲಿ ಹೋರಾಡಿ ಬಂದ, ಲಾರಿ ಓಡಿಸಿದ, ಕುಡಿತದಲ್ಲಿ ಮುಳುಗಿದ. 1952ರ ಒಂದು ರಾತ್ರಿ ಸ್ನಾನದ ತೊಟ್ಟಿಯೊಳಗೆ ಬಂದೂಕಿನೊಂದಿಗೆ ಕೂತಿದ್ದ. ಮನೆಯವರಿಗೆ ಕೊನೆಗೆ ತೊಳೆಯುವ ಕಷ್ಟವಾದರೂ ತಪ್ಪಲಿ ಎಂದು ತೊಟ್ಟಿಯನ್ನೇ ಆರಿಸಿಕೊಂಡಿದ್ದ. ದೇವರನ್ನು ಕೂಗಿ ಅತ್ತು, ಬಂದೂಕು ಕೆಳಗಿಟ್ಟು ಎದ್ದ. ಕುಡಿತ ಬಿಟ್ಟ. 1963ರಲ್ಲಿ ಅಯೋವಾದ ಗವರ್ನರ್ ಆದ, 1969ರಲ್ಲಿ ಸೆನೆಟರ್. ಕುಡುಕನಾಗಿದ್ದೆ ಎಂದು ಬಾಯಿಬಿಟ್ಟು ಹೇಳಿಯೂ ಚುನಾವಣೆ ಗೆದ್ದ ಇಂಥವರು ಆ ಕಾಲಕ್ಕೆ ಎಷ್ಟು ಮಂದಿ ಇದ್ದಾರು!

ಸೆನೆಟಿಗೆ ಬಂದ ವರ್ಷವೇ ಅವನ ಉಪಸಮಿತಿ ವ್ಯಸನದ ಬಗ್ಗೆ ಬಹಿರಂಗ ವಿಚಾರಣೆ ನಡೆಸಿತು. ಬಿಲ್ ವಿಲ್ಸನ್ ಅಲ್ಲಿ ಸಾಕ್ಷಿ ಹೇಳಿದ. ಸಂಘದ ಅನಾಮಿಕತೆಯ ನಿಯಮ ಮುರಿಯಬಾರದೆಂದು ಹೆಸರು ಪೂರ್ತಿ ಹೇಳಲಿಲ್ಲ, ಮುಖ ತೋರಿಸಲಿಲ್ಲ. 1970ರ ಡಿಸೆಂಬರ್ 31ರಂದು ನಿಕ್ಸನ್ ಸಹಿ ಹಾಕಿದ ಕಾಯ್ದೆಯನ್ನು ಜನ ಹ್ಯೂಸ್ ಕಾಯ್ದೆ ಎಂದೇ ಕರೆದರು. ಮದ್ಯವ್ಯಸನಕ್ಕೆಂದೇ ಒಂದು ರಾಷ್ಟ್ರೀಯ ಸಂಸ್ಥೆ ಹುಟ್ಟಿತು. ಇಪ್ಪತ್ತನಾಲ್ಕು ದಿನಗಳ ನಂತರ, 1971ರ ಜನವರಿ 24ರಂದು, ಬಿಲ್ ವಿಲ್ಸನ್ ತೀರಿಕೊಂಡ.

ಹೊಸ ಸಂಸ್ಥೆ ಮೊದಲಿಗೆ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ಸೂರಿನಡಿ ಇತ್ತು. ಹ್ಯೂಸ್‌ಗೂ ಅವನ ಸಂಗಡಿಗರಿಗೂ ಬೇಕಾಗಿದ್ದುದು ಬೇರೆ ಮನೆ. ಅದಕ್ಕೆ ಕಾರಣವಿತ್ತು. ಆ ಕಾಲದ ಮನೋವೈದ್ಯರಲ್ಲಿ ಬಹುಮಂದಿ ಕುಡಿತವನ್ನು ಒಳಗಿನ ಬೇರೇನೋ ರೋಗದ ಲಕ್ಷಣವೆಂದಷ್ಟೇ ನೋಡುತ್ತಿದ್ದರು. ಬೇರನ್ನು ಹುಡುಕುತ್ತ ವರ್ಷಗಟ್ಟಲೆ ಮಾತಾಡಿಸುವರು, ಅಷ್ಟರಲ್ಲಿ ರೋಗಿ ಕುಡಿದೇ ಸಾಯುವನು. ಹಣ ಹಂಚುವಾಗಲೂ ಕುಡಿತದವರಿಗೆ ಕೊನೆಯ ತುತ್ತು. ಹೀಗಾಗಿ 1974ರ ಹೊತ್ತಿಗೆ ಮನೋರೋಗಕ್ಕೊಂದು, ಮದ್ಯಕ್ಕೊಂದು, ಮಾದಕವಸ್ತುವಿಗೊಂದು ಎಂದು ಮೂರು ಸರಿಸಮಾನ ಸಂಸ್ಥೆಗಳಾದವು. ಮೂರಕ್ಕೂ ಬೇರೆ ಬೇರೆ ಅನುದಾನ, ಬೇರೆ ನಿಯಮ, ಬೇರೆ ತರಬೇತಿ. ರಾಜ್ಯಗಳೂ ಅದೇ ಜಾಡು ಹಿಡಿದವು. ಬಂದೂಕಿನೊಂದಿಗೆ ತೊಟ್ಟಿಯಲ್ಲಿ ಕೂತಿದ್ದವನಲ್ಲಿ ಕುಡಿತ ಎಲ್ಲಿ ಮುಗಿದು ಹತಾಶೆ ಎಲ್ಲಿ ಶುರುವಾಗಿತ್ತು ಎಂದು ಬೇರ್ಪಡಿಸಿ ಹೇಳಲು ಯಾರಿಂದಲೂ ಆಗುತ್ತಿರಲಿಲ್ಲ. ಅಂಥವನೇ ಕಟ್ಟಿದ ಕಾಯ್ದೆ ಎರಡನ್ನೂ ಎರಡು ಖಾತೆಗಳಲ್ಲಿ ಬರೆಸಿತು. ಅವನನ್ನು ದೂರಲು ನನಗೆ ಮನಸ್ಸಿಲ್ಲ. ತಿರಸ್ಕಾರದಿಂದ ತನ್ನವರನ್ನು ಬಿಡಿಸಲು ಅವನಿಗೆ ಕಂಡ ದಾರಿ ಅದೊಂದೇ.

ಈ ನಡುವೆ ಮನೋರೋಗಿಗಳ ಕಡೆಯೂ ಬುಡಮೇಲಾಗುತ್ತಿತ್ತು. 1955ರಲ್ಲಿ ಅಮೆರಿಕದ ರಾಜ್ಯ ಆಸ್ಪತ್ರೆಗಳಲ್ಲಿ ಸುಮಾರು 5,59,000 ರೋಗಿಗಳಿದ್ದರು. ಹಿಂದಿನ ವರ್ಷವಷ್ಟೇ ಬುದ್ಧಿಭ್ರಮಣೆಯನ್ನು ತಗ್ಗಿಸುವ ಕ್ಲೋರ್‌ಪ್ರೊಮಜಿನ್ ಔಷಧ ಆ ದೇಶದ ಮಾರುಕಟ್ಟೆಗೆ ಬಂದಿತ್ತು. 1963ರ ಅಕ್ಟೋಬರ್ 31ರಂದು ಜಾನ್ ಎಫ್. ಕೆನಡಿ ಸಮುದಾಯ ಮಾನಸಿಕ ಆರೋಗ್ಯ ಕಾಯ್ದೆಗೆ ಸಹಿ ಹಾಕಿದ. ಅವನ ತಂಗಿ ರೋಸ್‌ಮೇರಿಗೆ 1941ರಲ್ಲಿ ಮಿದುಳಿನ ಶಸ್ತ್ರಕ್ರಿಯೆ ಮಾಡಿಸಿ, ಅವಳು ನಡೆನುಡಿ ಕಳೆದುಕೊಂಡಿದ್ದಳು. ದೊಡ್ಡ ಆಸ್ಪತ್ರೆಗಳ ಬದಲು ಊರೂರಿಗೆ ಆರೈಕೆ ಕೇಂದ್ರ ಎಂಬುದು ಕಾಯ್ದೆಯ ಕನಸು. ಮೂರು ವಾರದಲ್ಲಿ ಕೆನಡಿ ಗುಂಡಿಗೆ ಬಲಿಯಾದ. ಆಸ್ಪತ್ರೆಗಳು ಖಾಲಿಯಾದವು, ಕೇಂದ್ರಗಳು ಅಂದುಕೊಂಡಷ್ಟು ಏಳಲಿಲ್ಲ. 1980ರ ಹೊತ್ತಿಗೆ ಆ ಆಸ್ಪತ್ರೆಗಳಲ್ಲಿ ಉಳಿದವರು ಸುಮಾರು 1,30,000.

ಹಿಂದಿನ ತಲೆಮಾರಿನ ರೋಗಿಗೆ ಇಪ್ಪತ್ತನೇ ವಯಸ್ಸಿಗೆ ಸ್ಕಿಜೋಫ್ರೇನಿಯಾ ಬಂದರೆ ಅವನು ಬೀಗದ ಹಿಂದೆ ಇರುತ್ತಿದ್ದ, ಹೆಂಡ ಸಿಗುತ್ತಿರಲಿಲ್ಲ. ಹೊಸ ತಲೆಮಾರಿನವನು ಬಾಡಿಗೆ ಕೋಣೆಯಲ್ಲೋ ಬೀದಿಯಲ್ಲೋ ಇದ್ದ. ಬಿಯರ್, ಗಾಂಜಾ, ಆಮೇಲೆ ಕೊಕೇನ್, ಎಲ್ಲವೂ ಕೈಗೆಟುಕುವ ದೂರದಲ್ಲಿ. 1981ರಲ್ಲಿ ನ್ಯೂಯಾರ್ಕ್ ರಾಜ್ಯದ ರಾಕ್‌ಲ್ಯಾಂಡ್ ಕೌಂಟಿಯ ಮನೋವೈದ್ಯ ಬರ್ಟ್ ಪೆಪ್ಪರ್ ತನ್ನ ಸಹೋದ್ಯೋಗಿಗಳೊಂದಿಗೆ ಈ ತರುಣ ರೋಗಿಗಳ ಬಗ್ಗೆ ಲೇಖನ ಬರೆದ. ಇವರು ಒಳಗೆ ಬಂದು ನಿಲ್ಲುವವರಲ್ಲ, ಬಂದು ಹೋಗಿ ಮತ್ತೆ ಬರುವವರು; ಯಾವ ಚಿಕಿತ್ಸಾ ವ್ಯವಸ್ಥೆಯೂ ಇವರನ್ನು ಮನಸ್ಸಿನಲ್ಲಿಟ್ಟು ಕಟ್ಟಿದ್ದಲ್ಲ.

ಆ ವರ್ಷಗಳಲ್ಲಿ ಇಂಥ ಮಗನಿದ್ದ ತಾಯಿಯ ಪಾಡನ್ನು ಯೋಚಿಸಿ. ಮನೋರೋಗದ ಕೇಂದ್ರಕ್ಕೆ ಕರೆದೊಯ್ದರೆ, ಕುಡಿಯುವವನಿಗೆ ಇಲ್ಲಿ ಚಿಕಿತ್ಸೆ ಇಲ್ಲ, ಮೊದಲು ಅದನ್ನು ಬಿಡಿಸಿಕೊಂಡು ಬನ್ನಿ ಎನ್ನುವರು. ವ್ಯಸನದ ಕೇಂದ್ರಕ್ಕೆ ಹೋದರೆ, ಕಿವಿಯಲ್ಲಿ ದನಿ ಕೇಳುವವನನ್ನು ಗುಂಪಿನಲ್ಲಿ ಕೂರಿಸಲಾಗದು, ಮೊದಲು ತಲೆ ಸರಿಮಾಡಿಸಿಕೊಂಡು ಬನ್ನಿ ಎನ್ನುವರು. ಹೇಗೋ ಎರಡೂ ಕಡೆ ಸೇರಿಸಿಕೊಂಡರೆ ಇಲ್ಲಿ ಬರೆದ ಮಾತ್ರೆಯನ್ನು ಅಲ್ಲಿ ತೆಗೆದಿಡುವರು. ಇಬ್ಬರು ವೈದ್ಯರು ಒಬ್ಬರಿಗೊಬ್ಬರು ಮಾತನಾಡುತ್ತಿರಲಿಲ್ಲ. ಇಬ್ಬರ ಮಾತನ್ನೂ ತಲೆಯಲ್ಲಿಟ್ಟುಕೊಂಡು ತಾಳೆ ಹಾಕಬೇಕಾಗಿದ್ದವನು ತಲೆಯೇ ಕೈಕೊಟ್ಟಿದ್ದ ರೋಗಿ.

ಇಂಥವರು ಎಲ್ಲೋ ಒಬ್ಬಿಬ್ಬರು ಎಂದುಕೊಂಡಿದ್ದವರ ಬಾಯಿ ಮುಚ್ಚಿಸಿದ್ದು 1990ರ ನವೆಂಬರಿನಲ್ಲಿ ಪ್ರಕಟವಾದ ಒಂದು ಸಮೀಕ್ಷೆ. ನ್ಯೂ ಹೇವನ್, ಬಾಲ್ಟಿಮೋರ್, ಸೇಂಟ್ ಲೂಯಿ, ಡರ್ಹಮ್, ಲಾಸ್ ಏಂಜಲೀಸ್‌ಗಳ 20,291 ಜನರನ್ನು ಸಂದರ್ಶಿಸಿ ಡ್ಯಾರೆಲ್ ರೆಜಿಯರ್ ಮತ್ತು ಸಂಗಡಿಗರು ಲೆಕ್ಕ ಹಾಕಿದ್ದರು. ಮದ್ಯವ್ಯಸನಿಗಳಲ್ಲಿ ನೂರಕ್ಕೆ 37 ಮಂದಿಗೆ ಬದುಕಿನಲ್ಲೊಮ್ಮೆ ಮನೋರೋಗವೂ ಬಂದಿತ್ತು. ಬೇರೆ ಮಾದಕವಸ್ತುಗಳ ವ್ಯಸನಿಗಳಲ್ಲಿ 53 ಮಂದಿಗೆ. ಸ್ಕಿಜೋಫ್ರೇನಿಯಾ ಇದ್ದವರಲ್ಲಿ ನೂರಕ್ಕೆ 47 ಮಂದಿಗೆ ವ್ಯಸನವೂ ಇತ್ತು. ಎರಡೂ ಇದ್ದವನು ಅಪವಾದವಲ್ಲ, ದಿನನಿತ್ಯದ ರೋಗಿ.

ಏಕೆ ಹೀಗೆ ಎಂಬುದಕ್ಕೆ ಎಡ್ವರ್ಡ್ ಖಾಂಟ್ಜಿಯನ್ ಎಂಬ ಹಾರ್ವರ್ಡ್‌ನ ಮನೋವೈದ್ಯ 1985ರಲ್ಲೇ ಒಂದು ಉತ್ತರ ಕೊಟ್ಟಿದ್ದ. ಜನ ಸುಖಕ್ಕೆಂದು ಅಮಲಿಗೆ ಹೋಗುವುದಿಲ್ಲ, ತಾಳಲಾಗದ ನೋವಿಗೆ ತಾವೇ ಮದ್ದು ಹುಡುಕಿಕೊಳ್ಳುತ್ತಾರೆ ಎಂಬುದು ಅವನ ವಾದ. ಎಲ್ಲರ ವಿಷಯದಲ್ಲೂ ಇದು ನಿಲ್ಲುವುದಿಲ್ಲ. ಗಾಂಜಾ, ಕೊಕೇನ್‌ಗಳು ತಾವೇ ಮನಸ್ಸನ್ನು ಕೆಡಿಸುವುದೂ ಉಂಟು. ಆದರೆ ರೋಗಿಯನ್ನು ನೋಡುವ ಕಣ್ಣನ್ನು ಆ ವಾದ ಬದಲಿಸಿತು. ಏಕೆ ಕುಡಿಯುತ್ತೀಯ ಎಂದು ಗದರುವವರಿದ್ದ ಕಡೆ, ಕುಡಿದರೆ ನಿನಗೆ ಏನು ಕಡಿಮೆಯಾಗುತ್ತದೆ ಎಂದು ಕೇಳುವವರು ಬಂದರು.

ಎರಡನ್ನೂ ಒಟ್ಟಿಗೇ ನೋಡುವ ಕೆಲಸ ಅಲ್ಲಲ್ಲಿ ಶುರುವಾಯಿತು. ನ್ಯೂಯಾರ್ಕಿನಲ್ಲಿ ಕ್ಯಾಥ್ಲೀನ್ ಶಿಯಾಕಾ 1984ರಲ್ಲಿ ಮನೋರೋಗಿಗಳ ಕೇಂದ್ರದಲ್ಲೇ ವ್ಯಸನದ ಗುಂಪುಗಳನ್ನು ನಡೆಸಿದಳು. ಮ್ಯಾಸಚೂಸೆಟ್ಸ್‌ನ ಕೆನೆತ್ ಮಿಂಕಾಫ್ 1989ರಲ್ಲಿ ಎರಡನ್ನೂ ಸಮನಾದ ದೀರ್ಘರೋಗಗಳೆಂದು ಕಾಣುವ ಮಾದರಿಯೊಂದನ್ನು ಬರೆದಿಟ್ಟ. ಆದರೆ ಇಡೀ ರಾಜ್ಯವೇ ಇದನ್ನು ಕೈಗೆತ್ತಿಕೊಂಡದ್ದು ನ್ಯೂ ಹ್ಯಾಂಪ್‌ಶೈರ್‌ನಲ್ಲಿ, ಡಾರ್ಟ್‌ಮತ್‌ನ ಮನೋವೈದ್ಯ ರಾಬರ್ಟ್ ಡ್ರೇಕ್ ಮತ್ತವರ ತಂಡದ ಮೂಲಕ.

ಅಲ್ಲಿ ಮಾಡಿದ್ದು ಕೇಳಲು ಸರಳ. ಮನೋವೈದ್ಯ, ನರ್ಸ್, ವ್ಯಸನದ ಸಮಾಲೋಚಕ, ಮನೆ ಮತ್ತು ಕೆಲಸದ ಚಿಂತೆ ನೋಡುವವನು, ಎಲ್ಲರೂ ಒಂದೇ ತಂಡ. ರೋಗಿಯ ಕಡತವೂ ಒಂದೇ. ರೋಗಿ ಬರಲಿ ಎಂದು ಕಾಯದೆ ಇವರೇ ಅವನ ಕೋಣೆಗೆ, ಅವನು ಕೂರುವ ಹೋಟೆಲಿಗೆ, ಪಾರ್ಕಿನ ಬೆಂಚಿಗೆ ಹೋದರು. ಫ್ರೆಡ್ ಓಷರ್ ಮತ್ತು ಲಯಲ್ ಕೋಫೋಡ್ 1989ರಲ್ಲಿ ಬರೆದಿದ್ದ ನಾಲ್ಕು ಹಂತಗಳು ಅವರ ಕೈದೀಪವಾದವು. ಮೊದಲನೆಯದು ನಂಟು ಬೆಳೆಸುವುದು. ಅಷ್ಟರಲ್ಲಿ ಕುಡಿತದ ಮಾತೇ ಎತ್ತದಿದ್ದರೂ ಸರಿ. ಚಳಿಗೊಂದು ಕೋಟು, ಬಾಡಿಗೆಗೆ ನೆರವು, ಹಲ್ಲುನೋವಿಗೆ ಡಾಕ್ಟರು, ಇಂಥವೇ ಚಿಕಿತ್ಸೆ. ಆಮೇಲೆ ಮನವೊಲಿಕೆ. ಅವನಿಗೆ ಬೇಕಾದದ್ದೇನು, ಮನೆಯೇ, ಕೆಲಸವೇ, ಬಿಟ್ಟುಹೋದ ಮಗುವಿನ ಮುಖವೇ ಎಂದು ತಿಳಿದು, ಅದಕ್ಕೆ ಬಾಟಲಿ ಒಡ್ಡುತ್ತಿರುವ ಅಡ್ಡಿಯನ್ನು ಅವನ ಬಾಯಿಂದಲೇ ಹೊರಡಿಸುವುದು. ಬಿಡಬೇಕೆಂದು ಅವನಿಗೇ ಅನ್ನಿಸಿದ ಮೇಲೆ ಮೂರನೆಯದು, ಬಿಡಿಸುವ ಚಿಕಿತ್ಸೆ. ಕೊನೆಗೆ ಮರಳಿ ಬೀಳದಂತೆ ಕಾಯುವುದು. ಮತ್ತೆ ಕುಡಿದ ಎಂದು ಯಾರನ್ನೂ ಹೊರಗೆ ಹಾಕಲಿಲ್ಲ. ಎದೆನೋವು ಮತ್ತೆ ಬಂತೆಂದು ಹೃದ್ರೋಗಿಯನ್ನು ಯಾವ ಆಸ್ಪತ್ರೆ ಹೊರದಬ್ಬುತ್ತದೆ?

ಏಳು ಕೇಂದ್ರಗಳ 223 ರೋಗಿಗಳನ್ನು ಮೂರು ವರ್ಷ ಹಿಂಬಾಲಿಸಿದ ಅಧ್ಯಯನ 1998ರಲ್ಲಿ ಹೊರಬಂತು. ಕಡಿಮೆ ರೋಗಿಗಳನ್ನು ಇಟ್ಟುಕೊಂಡು ತೀವ್ರವಾಗಿ ನೋಡಿಕೊಳ್ಳುವ ತಂಡಗಳನ್ನು, ಎರಡೂ ರೋಗಗಳನ್ನು ಸೇರಿಸಿಯೇ ನೋಡುತ್ತಿದ್ದ ಮಾಮೂಲಿ ತಂಡಗಳೊಂದಿಗೆ ಹೋಲಿಸಿದ್ದರು. ಎರಡೂ ಗುಂಪು ಸುಧಾರಿಸಿತು, ಅವುಗಳ ನಡುವಿನ ಅಂತರ ಸಣ್ಣದು. 2013ರಲ್ಲಿ ವೈದ್ಯಕೀಯ ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡುವ ಕೊಕ್ರೇನ್ ಸಂಸ್ಥೆಯ ವಿಮರ್ಶಕರು ಈ ವಿಷಯದ 32 ಪ್ರಯೋಗಗಳನ್ನು ಜರಡಿ ಹಿಡಿದಾಗಲೂ ಯಾವುದೋ ಒಂದು ಪದ್ಧತಿ ಎಲ್ಲಕ್ಕಿಂತ ಮೇಲು ಎನ್ನಲು ಗಟ್ಟಿ ಆಧಾರ ಸಿಗಲಿಲ್ಲ. ಇದನ್ನು ಮುಚ್ಚಿಟ್ಟು ಬರೆಯುವುದು ಸರಿಯಲ್ಲ. ಗುಣ ನಿಧಾನ, ಮೂರು ಹೆಜ್ಜೆ ಮುಂದೆ ಎರಡು ಹಿಂದೆ, ತಿಂಗಳುಗಳಲ್ಲ, ವರ್ಷಗಳ ಕೆಲಸ. ಆದರೆ ಒಂದೇ ಮನುಷ್ಯನನ್ನು ಎರಡು ಕಚೇರಿಗಳ ನಡುವೆ ಅಲೆದಾಡಿಸುವುದರಿಂದ ಅವನಿಗೆ ಒಳ್ಳೆಯದಾಗುತ್ತದೆಂದು ಯಾವ ಪ್ರಯೋಗವೂ ತೋರಿಸಿಲ್ಲ.

ಹಣದ ಪ್ರಶ್ನೆ ಉಳಿದಿತ್ತು. ವಿಮಾ ಕಂಪನಿಗಳು ಮುರಿದ ಕಾಲಿಗೆ ಕೊಟ್ಟಷ್ಟು ಮುರಿದ ಮನಸ್ಸಿಗೆ, ಕುಡಿತಕ್ಕೆ ಕೊಡುತ್ತಿರಲಿಲ್ಲ. ಈ ತಾರತಮ್ಯದ ವಿರುದ್ಧದ ಹೋರಾಟವನ್ನು ಅಮೆರಿಕದ ಸಂಸತ್ತಿನ ಕೆಳಮನೆಯಲ್ಲಿ ಮುನ್ನಡೆಸಿದವರಲ್ಲಿ ಒಬ್ಬರು ಪ್ಯಾಟ್ರಿಕ್ ಕೆನಡಿ, 1963ರ ಕಾಯ್ದೆಗೆ ಸಹಿ ಹಾಕಿದವನ ತಮ್ಮನ ಮಗ. ಅವರಿಗೆ ಬೈಪೋಲಾರ್ ಕಾಯಿಲೆಯೂ ಇತ್ತು, ವ್ಯಸನವೂ ಇತ್ತು. 2006ರ ಮೇ ತಿಂಗಳ ಒಂದು ರಾತ್ರಿ ಸಂಸತ್ ಭವನದ ಬಳಿಯೇ ಕಾರು ಗುದ್ದಿದ ಮೇಲೆ ಅದನ್ನು ಅವರು ಊರಿಗೆಲ್ಲ ಹೇಳಿಕೊಂಡರು. ಜೊತೆಗೆ ನಿಂತ ವಿರೋಧ ಪಕ್ಷದ ಜಿಮ್ ರಾಮ್‌ಸ್ಟಾಡ್ ತಾನೂ ಕುಡಿತದಿಂದ ಚೇತರಿಸಿಕೊಂಡವನು. ಮೇಲ್ಮನೆಯಲ್ಲಿ ಮೊದಲಿನಿಂದ ಇದಕ್ಕಾಗಿ ದುಡಿದ ಪಾಲ್ ವೆಲ್‌ಸ್ಟೋನ್‌ನ ಅಣ್ಣನಿಗೆ, ಪೀಟ್ ಡೊಮೆನಿಚಿಯ ಮಗಳಿಗೆ ಮನೋರೋಗವಿತ್ತು. 2008ರ ಅಕ್ಟೋಬರ್ 3ರಂದು, ಕುಸಿಯುತ್ತಿದ್ದ ಬ್ಯಾಂಕುಗಳನ್ನು ಎತ್ತಲು ತಂದ ದೊಡ್ಡ ಮಸೂದೆಯ ಮಡಿಲಲ್ಲಿ, ಆ ತಾರತಮ್ಯ ತಡೆಯುವ ಕಾಯ್ದೆಯೂ ಪಾಸಾಯಿತು. ಅದರ ಹೆಸರಿನಲ್ಲಿ ಮಾನಸಿಕ ಆರೋಗ್ಯ ಮತ್ತು ವ್ಯಸನ ಎರಡೂ ಅಕ್ಕಪಕ್ಕ ಕೂತಿವೆ.

ನಮ್ಮಲ್ಲಿ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮದ್ಯ ಮತ್ತು ಮಾದಕವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನೂ ಮಾನಸಿಕ ಅನಾರೋಗ್ಯದ ವ್ಯಾಖ್ಯೆಯೊಳಗೆ ತಂದಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆ ಮನೋವೈದ್ಯಕೀಯದ ಅಂಗಳದಲ್ಲೇ ಬೆಳೆದಿದೆ. ಒಬ್ಬನೇ ರೋಗಿಯ ಎರಡೂ ಕಷ್ಟವನ್ನು ಅಲ್ಲಿ ಒಂದೇ ಆವರಣದಲ್ಲಿ ನೋಡುತ್ತಾರೆ. ಅದೇ ಸಂಸ್ಥೆ 12 ರಾಜ್ಯಗಳಲ್ಲಿ ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ, ಮದ್ಯವ್ಯಸನವಿದ್ದವರ ಪೈಕಿ ನೂರಕ್ಕೆ 86 ಮಂದಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ. ಹೊರಗೆ ಬಂದರೆ ಸರ್ಕಾರದ ನೆರವಿನ ವ್ಯಸನಮುಕ್ತಿ ಕೇಂದ್ರಗಳು ಸಾಮಾಜಿಕ ನ್ಯಾಯ ಸಚಿವಾಲಯದ ಕೈಯಲ್ಲಿವೆ, ಆಸ್ಪತ್ರೆಗಳು ಆರೋಗ್ಯ ಸಚಿವಾಲಯದ ಕೈಯಲ್ಲಿ. ದೂರದ ಊರಿನವರು ರಾತ್ರಿ ಬಸ್ಸು ಹತ್ತಿ, ಮಗನನ್ನೋ ಗಂಡನನ್ನೋ ಕಿಟಕಿ ಪಕ್ಕ ಕೂರಿಸಿಕೊಂಡು, ಬೆಳಗಾಗುವಷ್ಟರಲ್ಲಿ ಹೊಸೂರು ರಸ್ತೆಯಲ್ಲಿ ಇಳಿಯುತ್ತಾರೆ. ಹೊರರೋಗಿ ವಿಭಾಗದ ಸಾಲಿನಲ್ಲಿ ನಿಂತವರ ಚೀಲದಲ್ಲಿ ಕುಡಿತ ಬಿಡಿಸುವ ಕಡೆಯ ಚೀಟಿಗಳು ಒಂದು ಕವರಿನಲ್ಲಿ, ಮನಸ್ಸಿನ ಡಾಕ್ಟರ ಚೀಟಿಗಳು ಇನ್ನೊಂದರಲ್ಲಿ.